ಬ್ಯಾರೇಜು ಬಾಗಿಲು ತಡೆದ ದಿನ

ಕಾಗಿಣಾ ಹೊಳೆಗೆ ಏನೇ ಹೊಸದು ಬರಲಿ, ಸರ್ಕಾರದ ಉದ್ಘಾಟನೆಗಿಂತ ಮೊದಲೇ ನಮ್ಮ ದೊಡ್ಡವ್ವನ ಹಾಡು ತಯಾರಾಗಿರುತ್ತಿತ್ತು. ಪೂಲು, ಅಂದರೆ ಸೇತುವೆ, ಕಟ್ಟಿದರೆ ಪೂಲಿನ ಹಾಡು, ಪೈಪು ಹಾಕಿದರೆ ಪೈಪಿನ ಹಾಡು, ಮಣ್ಣು ತೆಗೆಯುವ ಯಂತ್ರ ಬಂದರೆ ಯಂತ್ರದ ಹಾಡು. ಎಲ್ಲರ ಮನೆಯ ದೊಡ್ಡವ್ವಂದಿರೂ ಹೀಗೇ ಇರುತ್ತಾರೆ ಎಂದು ನಾನು ಸಣ್ಣವಳಿದ್ದಾಗ ತಿಳಿದಿದ್ದೆ. ಇಡೀ ಚಿತ್ತಾಪುರ ತಾಲ್ಲೂಕಿಗೆ ಇಂಥವಳು ಒಬ್ಬಳೇ ಇರಬೇಕು ಅನ್ನೋದು ಆಮೇಲೆ ಗೊತ್ತಾಯಿತು!

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಅಪ್ಪನಿಗೆ ವಾಡಿ ಜಂಕ್ಷನ್‌ನಲ್ಲಿ ನೌಕರಿ. ನಾವು ರೈಲಿನ ಶಿಳ್ಳೆ ಕೇಳುತ್ತ, ಸಿಮೆಂಟಿನ ಧೂಳು ಕೊಡವುತ್ತ ಬೆಳೆದವರು. ಶಾಲೆಗೆ ರಜೆ ಬಿಟ್ಟಿತೋ ಇಲ್ಲವೋ, ನಾನು ಬಟ್ಟೆಯ ಚೀಲ ಹಿಡಿದು ಬಸ್ ಹತ್ತಿ ಹೊಳೆ ದಂಡೆಯ ನಮ್ಮೂರಿಗೆ ಹಾಜರು. ಅಲ್ಲಿ ಕೆಲಸವಿದ್ದರೆ ಹೊಲ, ಇಲ್ಲದಿದ್ದರೆ ಹೊಳೆ. ಎರಡು ಕಡೆಗೂ ದೊಡ್ಡವ್ವ ಮುಂದೆ, ನಾನು ಹಿಂದೆ. ಅವಳ ತವರು ಚಿಂಚೋಳಿಯ ಆಚೆ, ಕಾಡಿನ ಮಗ್ಗುಲಲ್ಲಿ, ತೆಲುಗು ಮಾತು ಅಡುಗೆಮನೆಯವರೆಗೂ ಓಡಾಡುವ ಊರು. ಅದಕ್ಕೇ ಅವಳ ಹಾಡಿನಲ್ಲಿ ನೀರು ಒಮ್ಮೊಮ್ಮೆ ‘ನೀಳ್ಳು’ ಆಗಿಬಿಡುತ್ತಿತ್ತು. ಜೊತೆಯ ಹೆಂಗಸರು ಕಿಸಕ್ಕೆಂದರೆ, “ನೀರು ಅಂದ್ರೂ ಸೀರಿ ತೊಯ್ತದ, ನೀಳ್ಳು ಅಂದ್ರೂ ಸೀರಿ ತೊಯ್ತದ. ನಗಲಿಕ್ಕೇನದ ಅದರಾಗ?” ಎಂದು ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದಳು.

ಆಗ ನಮ್ಮೂರಿನಿಂದ ಸೇಡಂ ಕಡೆಗೆ ಹೋಗಲು ಇದ್ದದ್ದು ಒಂದು ತಗ್ಗಿನ ಪೂಲು. ಮೇಲಿನ ಊರುಗಳಲ್ಲಿ ಮಳೆಯಾದರೆ ಸಾಕು, ಪೂಲು ಮುಳುಗಿತು ಅಂತಲೇ ಲೆಕ್ಕ. ನಾವು ಈಚೆ, ಸಂತೆ ಆಚೆ. ಗಂಡಸರು ದಂಡೆಯ ಮೇಲೆ ನಿಂತು ಇಲಾಖೆಯವರ ಹಿಂದಿನವರನ್ನೂ ಮುಂದಿನವರನ್ನೂ ಬೈಯುತ್ತಿದ್ದರು. ದೊಡ್ಡವ್ವ ಖಾಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ಹಾಡುತ್ತಿದ್ದಳು:

ಸಣ್ಣನ ಪೂಲವ್ವ, ನೀರೀನ ಸೆರಗವ್ವ
ಸೆರಗ ಸರಿಸವ್ವ ಮಾರೀದು | ನಾ ಬರಲಿ
ಸಂತಿಗಿ ಹೊತ್ತು ಆಗ್ಯಾದ

ಮುಳುಗಿದ ಪೂಲು ಮುಖದ ಮೇಲೆ ಸೆರಗು ಎಳೆದುಕೊಂಡ ಹೊಸ ಸೊಸೆ! ಬೈಯುತ್ತಿದ್ದ ಗಂಡಸರೂ ನಕ್ಕುಬಿಡುತ್ತಿದ್ದರು. ನನಗಂತೂ ಆ ಮೇಲೆ ಅದನ್ನು ಬರಿ ಪೂಲು ಅಂತ ನೋಡಲು ಆಗಲೇ ಇಲ್ಲ. ನೀರು ಇಳಿದು ಅದರ ಕಲ್ಲು ಕಾಣಿಸಿಕೊಂಡಾಗ, ‘ಬಂದಳಪ್ಪಾ ಹೊರಗೆ’ ಅನ್ನಿಸುತ್ತಿತ್ತು.

ಒಬ್ಬನೇ ಒಬ್ಬ ನಗುತ್ತಿರಲಿಲ್ಲ. ಅವನು ದೊಡ್ಡಪ್ಪ. ಮುಂಜಾನೆ ಲಿಂಗಪೂಜೆ, ಆಮೇಲೆ ರೊಟ್ಟಿ, ಆಮೇಲೆ ತೊಗರಿ ಹೊಲ. ನಡುವೆ ಮಾತು ಕಡಿಮೆ. ದೂರದ ಹೊಲದಲ್ಲಿ ಇದ್ದವರನ್ನು ಕರೆಯುವಾಗ ಮಾತ್ರ ದೇವರು ಕೊಟ್ಟ ಗಂಟಲು ಹೊರಗೆ ಬರುತ್ತಿತ್ತು, ಹೊಳೆ ದಾಟಿ ಆಚೆ ಊರಿಗೂ ಕೇಳುತ್ತಿತ್ತು. ಹೆಂಡತಿಯ ಹಾಡಿನ ಬಗ್ಗೆ ಅವನದು ಒಂದೇ ಮಾತು: “ಹಾಡಿದ್ರ ಪೂಲು ಏಳ್ತದೇನು?”

ಇಷ್ಟು ಹಾಡು ಕಟ್ಟುವ ದೊಡ್ಡವ್ವನ ಬಾಯಲ್ಲಿ ಒಂದು ಶಬ್ದ ಮಾತ್ರ ಸತ್ತರೂ ಬರುತ್ತಿರಲಿಲ್ಲ. ಅದು ಗಂಡನ ಹೆಸರು. ಇದರಲ್ಲಿ ಏನು ವಿಶೇಷ, ನಮ್ಮ ಕಡೆ ಅವಳ ವಯಸ್ಸಿನ ಹೆಂಗಸರೆಲ್ಲ ಹಾಗೇ ಎಂದು ನೀವು ಕೇಳಬಹುದು. ವಿಶೇಷ ಇರುವುದು ಹೆಸರಿನಲ್ಲಿ. ನಮ್ಮ ಕಾಗಿಣಾ ಹರಿದು ಹೋಗಿ ಶಹಾಬಾದಿನ ಆಚೆ ಯಾವ ಹೊಳೆಗೆ ಸೇರುತ್ತದೆಯೋ, ಆ ಹೊಳೆಯ ಹೆಸರೇ ದೊಡ್ಡಪ್ಪನಿಗೂ ಇಟ್ಟಿದ್ದರು. ಹಾಗಾಗಿ ದೊಡ್ಡವ್ವ ಭೀಮಾ ಹೊಳೆಯನ್ನೂ ಹೆಸರು ಹಿಡಿದು ಕರೆಯುವಂತಿಲ್ಲ! ಒಮ್ಮೆ ಶಹಾಬಾದಿಗೆ ಮದುವೆಗೆ ಹೋದಾಗ ಎರಡು ಹೊಳೆ ಕೂಡುವ ಜಾಗ ನೋಡಲು ಎಲ್ಲರೂ ಹೋಗಿದ್ದೆವು. “ಇದು ನಮ್ಮ ಹೊಳಿ, ಅದು ನಮ್ಮ ಮನಿಯವರ ಹೊಳಿ” ಎಂದು ದೊಡ್ಡವ್ವ ಕೈ ಮಾಡಿ ತೋರಿಸಿದಳು. ಹೊಳೆಯ ಒಡೆಯ ಪಕ್ಕದಲ್ಲೇ ಎಲೆ ಅಡಿಕೆ ಜಗಿಯುತ್ತ ನಿಂತಿದ್ದ. ಮದುವೆಯ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೆಸರು ಹೇಳದ ಈ ಹಟಕ್ಕೆ ಒಂದು ಕಾರಣವಿತ್ತು. ನಮ್ಮಲ್ಲಿ ಮದುಮಗಳು ಗಂಡನ ಮನೆಗೆ ಮೊದಲ ಸಲ ಬಂದಾಗ ನಾದಿನಿ ಬಾಗಿಲು ತಡೆದು ನಿಲ್ಲುತ್ತಾಳೆ. ಒಡಪು, ಅಂದರೆ ಪ್ರಾಸದ ಎರಡು ಸಾಲು, ಕಟ್ಟಿ ಗಂಡನ ಹೆಸರು ಹೇಳಬೇಕು, ಹೇಳಿದ ಮೇಲೆಯೇ ಹೊಸಲು ದಾಟಬೇಕು. ಮುಂದೆ ಜನ್ಮವೆಲ್ಲ ಗಂಡನ ಹೆಸರು ಎತ್ತದವಳಿಗೂ ಆ ಬಾಗಿಲಲ್ಲಿ ಮಾಫಿ ಇಲ್ಲ. ದೊಡ್ಡವ್ವನೂ ಹೊಸಲ ಮುಂದೆ ನಿಂತಳಂತೆ, ಒಡಪು ಚೆಂದವಾಗಿಯೇ ಕಟ್ಟಿದಳಂತೆ. ಕೊನೆಗೆ ಹೆಸರು ಬಂದಾಗ, ಮರ್ಯಾದೆ ಕಡಿಮೆಯಾದೀತು ಎಂಬ ಹೆದರಿಕೆಗೆ, ತವರಿನ ತೆಲುಗು ರೂಢಿಯಂತೆ ಅದಕ್ಕೊಂದು ‘ಗಾರು’ ಸೇರಿಸಿಬಿಟ್ಟಳು. ಇಡೀ ಅಂಗಳ ಗೊಳ್ಳೆಂದಿತು. ಮದುಮಗನೂ ನಕ್ಕ. ಅದೇ ಕೊನೆ. ಅವತ್ತಿನಿಂದ ಆ ಹೆಸರು ಅವಳ ಬಾಯಿಂದ ಒಡಪಿನಲ್ಲೂ ಬರಲಿಲ್ಲ, ಜಗಳದಲ್ಲೂ ಬರಲಿಲ್ಲ. ಹೆಸರುಕಾಯಿ ಬಿಡಿಸುವಾಗ ತಾನೇ ಚೇಷ್ಟೆ ಮಾಡಿಕೊಳ್ಳುತ್ತಿದ್ದಳು: “ಹೊಲದ ತುಂಬ ಹೆಸರ ಅದ. ನನ್ನ ಬಾಯಾಗ ಮಾತ್ರ ಒಂದ ಹೆಸರ ಬರಲ್ಲ ನೋಡು.”

ಹೊಳೆಯ ಹಾಡಿನಲ್ಲಿ ಭೀಮೆ ಬರದೆ ಹೇಗೆ? ಆ ಜಾಗ ಬಂದಾಗ ದೊಡ್ಡವ್ವ ಉಸಿರು ಹಿಡಿದು ನಿಲ್ಲುತ್ತಿದ್ದಳು. ಜೊತೆಗೆ ಹಾಡುವವರೆಲ್ಲ ನಮ್ಮ ಮನೆತನದ ಸೊಸೆಯರೇ. ಹಿರಿಯನ ಹೆಸರನ್ನು ಅವರೂ ಎತ್ತುವ ಹಾಗಿಲ್ಲ. ಉಳಿದವಳು ನಾನು, ಮನೆಮಗಳು. ಗಾಳಿಗೆ ಬಾಯಿ ತೆರೆದು “ಭೀಮಾ!” ಎಂದು ಒದರುವುದೇ ನನ್ನ ಪಾಲಿನ ಕೆಲಸ. ಅದಕ್ಕಾಗಿ ಎಷ್ಟು ಕಾಯುತ್ತಿದ್ದೆ! ಹಾಡು ಶುರುವಾದಾಗಿನಿಂದಲೇ ಎದೆ ಡಬಡಬ. ಆ ಒಂದು ಶಬ್ದ ಬಿದ್ದ ಮೇಲೆಯೇ ಹಾಡು ಮತ್ತೆ ಹರಿಯುತ್ತಿತ್ತು. ಇಷ್ಟು ದೊಡ್ಡ ಅಧಿಕಾರ ನನಗೆ ಆಮೇಲೆ ಯಾವ ನೌಕರಿಯಲ್ಲೂ ಸಿಕ್ಕಿಲ್ಲ.

ನಾನು ಓದಿ ಸೇಡಂನಲ್ಲಿ ಸಮಾಜ ವಿಜ್ಞಾನದ ಟೀಚರ್ ಆದೆ. ಅಷ್ಟರಲ್ಲಿ ನಮ್ಮೂರ ಹೊಳೆಗೆ ಬ್ಯಾರೇಜು ಮಂಜೂರಾಯಿತು. ಮೇಲೆ ಎತ್ತರದ ಪೂಲು, ಕೆಳಗೆ ನೀರು ತಡೆಯುವ ಗೇಟುಗಳು. ಮಣ್ಣು ತೆಗೆಯುವ ಯಂತ್ರ ಹೊಳೆಗೆ ಇಳಿದ ದಿನ ದೊಡ್ಡವ್ವ ಫೋನಿನಲ್ಲೇ ಹಾಡಿದಳು:

ಹಳದಿ ಬಣ್ಣದ ಆನಿ ಹೊಳಿಯಾಗ ಇಳದಾದ
ಹಲ್ಲೀಲೆ ಮಣ್ಣ ಮೊಗದಾದ | ಕಾಗೀಣಿ
ಹೊಸ ಮನಿ ನಿನಗ ಕಟ್ಟ್ಯಾದ

ನಾನು ಸ್ಟಾಫ್ ರೂಮಿನಲ್ಲಿ ಫೋನಿನ ಸ್ಪೀಕರ್ ಹಾಕಿ ಎಲ್ಲರಿಗೂ ಕೇಳಿಸಿದೆ. ನಮ್ಮ ಗಣಿತದ ಸರ್ ಮೇಜು ಬಡಿದು ತಾಳ ಹಾಕಿದರು!

ಆದರೆ ದೊಡ್ಡವ್ವನ ತಲೆಯಲ್ಲಿ ಇದಕ್ಕಿಂತ ದೊಡ್ಡದು ಕುದಿಯುತ್ತಿತ್ತು. ಗೇಟುಗಳನ್ನು ಕೂಡಿಸಿದ ವಾರ ನಾನು ಊರಿಗೆ ಹೋದರೆ, ಅವಳು ನನ್ನ ಕೈ ಹಿಡಿದು ದಂಡೆಗೆ ಎಳೆದುಕೊಂಡು ಹೋದಳು.

“ನೋಡಲ್ಲೇ, ಹ್ಯಾಂಗ ನಿಂತಾಳ. ಥೇಟ್ ನಾದಿನಿ!”

“ಯಾರು ದೊಡ್ಡವ್ವ?”

“ಬ್ಯಾರೇಜು. ಕಾಗಿಣಿ ಗುಡ್ಡದ ತವರು ಬಿಟ್ಟು ಗಂಡನ ಮನಿಗಿ ಹೊಂಟಾಳ. ಇಕಿ ಬಾಗಲಾ ಹಾಕ್ಕೊಂಡು ನಿಂತಾಳ. ಹೆಸರ ಹೇಳು, ಆಮ್ಯಾಲ ಹೋಗು ಅನ್ಲಿಕತ್ತಾಳ.”

ಎಷ್ಟು ಸರಿಯಾಗಿ ಕಂಡಿದೆ ಈ ಮುದುಕಿಗೆ! ಆದರೂ ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ? “ದೊಡ್ಡವ್ವ, ಭೀಮಾ ಹೆಣ್ಣು ಹೊಳಿ. ಪುಸ್ತಕದಾಗ ಹಂಗೇ ಅದ” ಅಂದೆ.

“ಹೆಣ್ಣೋ ಗಂಡೋ ನನಗ ಗೊತ್ತಿಲ್ಲೇನ? ಅವರ ಜೋಡಿ ಬಾಳೇವು ಮಾಡಿದಾಕಿ ನಾನು” ಅಂದಳು.

ಹಾಡು ಹೀಗಿತ್ತು. ಮೊದಲು ನಾದಿನಿ ಕೇಳುತ್ತಾಳೆ:

ಬಾಗಿಲ ತಡದೀನಿ, ಹೆಸರ ಹೇಳಿ ಹೋಗ
ಕಾಗೀಣಿ ನಾ ನಿನ್ನ ನಾದೀನಿ | ಹೇಳವ್ವ
ಯಾರ ಮನಿಗಿ ನೀ ಹೊಂಟೀದಿ?

ಹಾದಿಯುದ್ದಕ್ಕೂ ಫರಸಿ ಕಲ್ಲು ತುಳಿದು ಬಂದ ಕಾಗಿಣಾ ಹೇಳುತ್ತಾಳೆ:

ಗುಡ್ಡದ ತವರವ್ವ, ಫರಸೀಯ ಹಾದವ್ವ
ನಡದು ಬಂದೀನಿ ದಣದೀನಿ | ನಾ ಹೊಂಟ
ಮನಿಯ ಧಣಿ ಹೆಸರು...

ಇಲ್ಲಿ ದೊಡ್ಡವ್ವ ನಿಲ್ಲಬೇಕು, ನಾನು ಒದರಬೇಕು. ಆಮೇಲೆ ಎಲ್ಲರೂ ಕೂಡಿ:

ಹೆಸರ ಹೇಳಿದ ಮ್ಯಾಲ ಹಾದೀಯ ಬಿಡಬೇಕ
ಸರಿಯ ನಾದೀನಿ ಬದಿಗೀಗಿ | ಹೊಸಲಾಗ
ತುಂಬೀದ ಕೊಡವ ಇಡತೀನಿ

ಸೊಸೆಯರೆಲ್ಲ ಹೊಳೆ ದಂಡೆಯಲ್ಲಿ ಕೂತು ಇದನ್ನು ಹಾಡುವಾಗ ಬ್ಯಾರೇಜಿನ ಎಂಜಿನಿಯರ್ ಸಾಹೇಬರ ಕಿವಿಗೆ ಬಿತ್ತು. ಅವರು ಮೈಸೂರು ಕಡೆಯವರು. ಅರ್ಥ ಬಿಡಿಸಿ ಹೇಳಿಸಿಕೊಂಡು ಕುಣಿದಾಡುವುದೊಂದೇ ಬಾಕಿ. “ಅಮ್ಮಾ, ಉದ್ಘಾಟನೆ ದಿನ ಇದನ್ನೇ ಹಾಡ್ಬೇಕು. ನೀವು ಹೆಸರು ಹೇಳಿದ ತಕ್ಷಣ ನಾವು ಒಂದು ಗೇಟು ಎತ್ತಿಬಿಡ್ತೀವಿ. ಮೊದಲ ನೀರು ನಿಮ್ಮ ಹಾಡಿಗೇ ಹರೀಲಿ” ಅಂದರು. ಗೇಟಿನ ಯಂತ್ರದ ಹತ್ತಿರ ನಿಲ್ಲುವವನಿಗೂ ಹಾಗೇ ತಾಕೀತು ಮಾಡಿದರು. ಮೈಕಿನಲ್ಲಿ ಹೆಸರು ಬರಬೇಕು, ಗೇಟು ಏಳಬೇಕು. ಹೆಸರು ಹೇಳುವವಳು ಹಾಡುವವಳಲ್ಲ, ಸೇಡಂನಿಂದ ಬರುವ ಟೀಚರ್ ಎಂಬುದನ್ನು ಅವರಿಗೆ ಯಾರೂ ಹೇಳಲಿಲ್ಲ. ನಮ್ಮವರಿಗೆ ಅದು ಹೇಳುವ ಮಾತು ಅಂತ ಅನ್ನಿಸಿರಲೇ ಇಲ್ಲ.

ದೊಡ್ಡವ್ವ ಆ ದಿನಗಳಲ್ಲಿ ನೆಲದ ಮೇಲೆ ಇರಲಿಲ್ಲ. ರೊಟ್ಟಿ ಬಡಿಯುವಾಗ ಹಾಡು, ಕಸ ಹೊಡೆಯುವಾಗ ಹಾಡು. ಜೊತೆಗೆ ಚಿಂತೆಯೂ ಅಷ್ಟೇ. “ಬಾಗಲಾ ತಡಿಯೋ ಹಾಡು ಒಬ್ಬ ಮದುಮಗಳಿಗಿ ಒಮ್ಮಿನೇ. ಒಮ್ಮಿ ನೀರು ದಾಟಿತಂದ್ರ ಮುಗೀತು, ಮತ್ತ ಹಾಡಲಿಕ್ಕೆ ಬರಲ್ಲ. ಅರ್ಧಕ್ಕ ನಿಂತ್ರ ಮದುಮಗಳನ್ನ ಹೊಸಲ ಮುಂದ ನಿಂದ್ರಿಸಿ ಬಂದಂಗ. ನೀ ತಪ್ಪಿಸಬ್ಯಾಡ ಮತ್ತ” ಎಂದು ನನಗೆ ದಿನಾ ಫೋನು. ದೊಡ್ಡಪ್ಪನದು ಬೇರೆಯೇ ತಕರಾರು.

“ಮಂತ್ರಿಗೋಳ ಮುಂದ ನನ್ನ ಹೆಸರು ಯಾಕ ಒದರಸ್ತಿ? ಕೃಷ್ಣಾ ಅನ್ನು, ನಡೀತದ.”

“ಕಾಗಿಣಿ ಹೋಗಿ ಕೃಷ್ಣಾಗ ಬೀಳ್ತಾಳೇನ್ರಿ? ಯಾವ ಮನಿಗಿ ಕೊಟ್ಟಾರೋ ಅದೇ ಮನಿಗಿ ಹೋಗಬೇಕು.”

“ಹಂಗಾರ ನಾ ಆ ಕಡಿ ಬರಲ್ಲ.”

“ಬರಬ್ಯಾಡ್ರಿ. ಕರದವರ್ಯಾರು?”

ಉದ್ಘಾಟನೆ ಮಧ್ಯಾಹ್ನ ಎಂದಿದ್ದರು. ನಾನು ಬೆಳಗಿನ ತರಗತಿ ಮುಗಿಸಿ ಹೊರಡುವ ಲೆಕ್ಕ ಹಾಕಿದ್ದೆ. ಎರಡನೇ ಪೀರಿಯಡ್ ನಡೆದಿರುವಾಗ ಫೋನು ಬಂತು, ಮಂತ್ರಿಗಳಿಗೆ ಮುಂದೆ ಇನ್ನೊಂದು ಕಾರ್ಯಕ್ರಮವಂತೆ, ಈಗಲೇ ಬರುತ್ತಿದ್ದಾರಂತೆ! ಭೂಪಟ ಅಲ್ಲೇ ಬಿಟ್ಟು, ಹೆಡ್‌ಮಾಸ್ತರರಿಗೆ ಓಡುತ್ತಲೇ ಕೈ ಮುಗಿದು, ಸ್ಕೂಟಿ ಹತ್ತಿದೆ. ದಾರಿಯುದ್ದಕ್ಕೂ ಸಿಮೆಂಟಿನ ಲಾರಿಗಳು. ಒಂದೊಂದಕ್ಕೂ ಬಾಯಿಗೆ ಬಂದದ್ದು ಅಂದೆ. ನನ್ನ ಸಿಟ್ಟು ಎಂಥದ್ದೆಂದು ನಮ್ಮ ಶಾಲೆಯ ಮಕ್ಕಳನ್ನು ಕೇಳಬೇಕು.

ಹೊಳೆಯ ಈಚೆ, ಸೇಡಂ ಕಡೆಯ ದಂಡೆಗೆ ಬಂದು ಮುಟ್ಟಿದರೆ, ಪೂಲಿನ ಬಾಯಿಗೆ ಹಗ್ಗ ಕಟ್ಟಿ ಪೊಲೀಸಪ್ಪ ನಿಂತಿದ್ದ. ಹಗ್ಗದ ಈಚೆ ನನ್ನಂತೆಯೇ ತಡವಾಗಿ ಬಂದ ಜಾತ್ರೆಯಷ್ಟು ಮಂದಿ, ಬಹಳ ಜನ ಆಚೆಗೆ ನೆಂಟಸ್ತನ ಇದ್ದ ಹೆಂಗಸರು.

“ಮಂತ್ರಿಗೋಳ ಗಾಡಿ ಪೂಲ ಮ್ಯಾಲ ಅವ. ಯಾರನ್ನೂ ಬಿಡಂಗಿಲ್ರಿ ಮೇಡಂ.”

“ನಾ ಹೋಗಲಿಲ್ಲಂದ್ರ ಗೇಟ್ ಏಳಂಗಿಲ್ರೀ!”

“ನೀವು ಗೇಟ್ ಎತ್ತೋರೇನ್ರಿ?”

“ಅಲ್ರೀ, ಹೆಸರ ಹೇಳೂಕಿ!”

ಅವನು ನನ್ನನ್ನು ಮೇಲೆ ಕೆಳಗೆ ನೋಡಿದ. ಬಿಸಿಲಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು, “ನೀರ ಕುಡೀರಿ, ಕುಂದ್ರಿ” ಅಂದ. ನಾನು ಇನ್ನೇನು ಹಗ್ಗದ ಕೆಳಗೆ ನುಸುಳಬೇಕು, ಅಷ್ಟರಲ್ಲಿ ಎರಡೂ ದಂಡೆಗೆ ಕಟ್ಟಿದ ಸ್ಪೀಕರಿನಲ್ಲಿ ದೊಡ್ಡವ್ವನ ದನಿ ಎದ್ದಿತು. ‘ಬಾಗಿಲ ತಡದೀನಿ...’

ಅಯ್ಯೋ, ಶುರುಮಾಡಿಬಿಟ್ಟಳು! ಆಚೆ ದಂಡೆಯ ಶಾಮಿಯಾನದ ಕೆಳಗೆ ಅವಳ ಹಸಿರು ಇಳಕಲ್ ಸೀರೆ ಕಾಣುತ್ತಿತ್ತು. ಬ್ಯಾರೇಜಿನ ಒಂದು ಮಗ್ಗುಲಿಗೆ ಹೊಳೆ ತುಂಬಿ ನಿಂತಿದೆ, ಇನ್ನೊಂದು ಮಗ್ಗುಲಿಗೆ ಬರಿ ಫರಸಿ ಬಂಡೆ. ಮೇಲೆ ಯಂತ್ರದ ಬಳಿ ಒಬ್ಬ ಕೈಯಿಟ್ಟುಕೊಂಡು ಸಿದ್ಧ. ನಾದಿನಿಯ ಪ್ರಶ್ನೆ ಮುಗಿಯಿತು. ಕಾಗಿಣೆಯ ಉತ್ತರ ಶುರುವಾಯಿತು. ದನಿ ನಡುಗಲಿಲ್ಲ, ಎಂಥ ದನಿ ಅದು! ನನಗೆ ಹೆಮ್ಮೆಯೂ ಅಳುವೂ ಕೂಡಿ ಬಂದವು. ‘ನಾ ಹೊಂಟ ಮನಿಯ ಧಣಿ ಹೆಸರು...’

ನಿಂತಳು.

“ಭೀಮಾ!” ನಾನು ಹಗ್ಗ ಹಿಡಿದು ಕಿರುಚಿದೆ. ದಿನಾ ಪಾಠ ಹೇಳಿ ಸವೆದ ಗಂಟಲು, ನಡುವೆ ಅಷ್ಟು ಅಗಲದ ಹೊಳೆ. ಪಕ್ಕದ ಪೊಲೀಸಪ್ಪನ ಕಿವಿಗೆ ಬಿತ್ತು, ಅಷ್ಟೇ. ಸ್ಪೀಕರಿನಲ್ಲಿ ಬರಿ ಗಾಳಿ ಬಡಿಯುವ ಸದ್ದು. ದೊಡ್ಡವ್ವ ಅತ್ತಿತ್ತ ನೋಡುವುದು ಕಂಡಿತು. ಸೊಸೆಯರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಈಗಿನ ಹುಡುಗಿಯರು ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾರೆ, ಖರೆ. ಆದರೆ ಮಾವನ ಹೆಸರು, ಮಂದಿಯ ಮುಂದೆ, ಮೈಕಿನಲ್ಲಿ? ದೊಡ್ಡವ್ವ ಮತ್ತೆ ಅದೇ ಸಾಲು ಎತ್ತಿದಳು. ಮತ್ತೆ ಅಲ್ಲೇ ನಿಂತಳು. ಈ ಸಲ ದನಿ ಸಣ್ಣದಾಗಿತ್ತು. ವೇದಿಕೆಯ ಮೇಲೆ ಯಾರೋ ಗಡಿಯಾರ ನೋಡಿಕೊಂಡರು. ಹಾಡು ಮುಗಿಯದೆ ಗೇಟು ಎತ್ತಿಬಿಡುತ್ತಾರೆ, ಮದುಮಗಳು ಹೇಳದೆ ಕೇಳದೆ ಹೊಸಲು ದಾಟಿಬಿಡುತ್ತಾಳೆ, ದೊಡ್ಡವ್ವ ಇದನ್ನು ಹೇಗೆ ತಡೆದುಕೊಳ್ಳುತ್ತಾಳೆ?

ಆಗ ಬಂತು ಆ ದನಿ. ಮೈಕಿನದಲ್ಲ. ಶಾಮಿಯಾನದ ಹಿಂದಿನ ತುದಿಯಿಂದ, ಬೇವಿನ ಗಿಡದ ಬುಡದಿಂದ, ‘ಬರಲ್ಲ’ ಎಂದಿದ್ದವನ ಬಾಯಿಂದ. ಹೊಲದಿಂದ ಹೊಳೆಯಾಚೆಯ ಊರಿಗೂ ಕೇಳುತ್ತಿದ್ದ ಗಂಟಲು ಹೊಳೆಯ ಎರಡೂ ದಂಡೆಗೆ ಬಡಿಯಿತು. ಹೊಳೆಗೆ ಬೇಕಾದಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ದೊಡ್ಡಪ್ಪ ಆವೇಶದಲ್ಲಿ ತನ್ನ ಪೂರ್ತಿ ಹೆಸರನ್ನು, ಕೊನೆಯ ‘ರಾಯ’ನೊಂದಿಗೆ, ಅಡ್ಡಹೆಸರಿನೊಂದಿಗೆ, ತಹಸೀಲ್ ಕಚೇರಿಯಲ್ಲಿ ಕರೆದವರಿಗೆ ಓಗೊಡುವ ಹಾಗೆ ಕೂಗಿದ! ಅದನ್ನು ಪೂರ್ತಿ ನಾನೂ ಇಲ್ಲಿ ಬರೆಯುವುದಿಲ್ಲ, ಹಿರಿಯನದು.

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಯಂತ್ರದ ಬಳಿ ಇದ್ದವನಿಗೆ ಮಾತ್ರ ತಿಳಿಯಿತು. ಹೆಸರು ಬಂತು ಅಂದರೆ ಬಂತು, ಅವನು ಗೇಟು ಎತ್ತಿದ. ಕಬ್ಬಿಣ ಕಿರುಗುಟ್ಟಿತು, ಕೆಳಗಿನಿಂದ ನೀರು ಭೋರೆಂದು ಹೊರಬಿದ್ದು ಒಣಗಿದ ಬಂಡೆಗಳ ಮೇಲೆ ಹರಡಿತು. ಎರಡೂ ದಂಡೆಯಲ್ಲಿ ಕೇಕೆ, ಶಿಳ್ಳೆ! ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮುಂದಿನ ಸಾಲು ಹಾಡುವುದಂತೂ ದೂರ, ಸೊಸೆಯರಿಗೂ ನಗು ತಡೆಯಲಾಗುತ್ತಿರಲಿಲ್ಲ. ಹಾಡು ಅಲ್ಲಿಗೇ ನಿಂತೀತು ಎಂದು ನಾನೇ ಹಗ್ಗದ ಈಚೆಯಿಂದ ಎತ್ತಿದೆ: ‘ಹೆಸರ ಹೇಳಿದ ಮ್ಯಾಲ ಹಾದೀಯ ಬಿಡಬೇಕ.’ ಪಕ್ಕದ ಹೆಂಗಸರು ಒಂದು ಸಲ ಕೇಳಿಸಿಕೊಂಡು, ಎರಡನೆಯ ಸಲಕ್ಕೆ ದನಿ ಕೂಡಿಸಿದರು. ನಮ್ಮ ದಂಡೆಯ ಹಾಡಿಗೆ ಆಚೆ ದಂಡೆಯವರೂ ಸೇರಿಕೊಂಡರು. ಕಾಗಿಣಾ ಕೊಡ ಇಟ್ಟಳು, ಹೊಸಲು ದಾಟಿದಳು, ಭೀಮೆಯ ಹಾದಿ ಹಿಡಿದಳು. ನನ್ನ ಕಣ್ಣಿಂದ ನೀರು ಧಾರಾಕಾರ. ಪೊಲೀಸಪ್ಪ ತಾನಾಗಿಯೇ ಹಗ್ಗ ಬಿಚ್ಚಿದ.

ನಾನು ಓಡಿ ಆಚೆ ಮುಟ್ಟುವಷ್ಟರಲ್ಲಿ ಮಂತ್ರಿಗಳ ಗಾಡಿ ಧೂಳೆಬ್ಬಿಸಿ ಹೋಗಿತ್ತು. ಶಾಮಿಯಾನದ ಕೆಳಗೆ ದೊಡ್ಡವ್ವ ಕುರ್ಚಿಯ ಮೇಲೆ ಕೂತಿದ್ದಳು. ದೊಡ್ಡಪ್ಪ ಸ್ವಲ್ಪ ದೂರದಲ್ಲಿ, ಯಾರದೋ ತಪ್ಪಿಗೆ ತಾನು ಸಿಕ್ಕಿಬಿದ್ದವನ ಹಾಗೆ ನಿಂತಿದ್ದ. ಬಂದವರೆಲ್ಲ ಅವನ ಬೆನ್ನು ತಟ್ಟಿ ಹೋಗುತ್ತಿದ್ದರು.

“ನಾ ಹೊಳಿ ಹೆಸರ ಹೇಳೀನಿ. ಮತ್ತೇನಿಲ್ಲ” ಎಂದು ಅವನು ನನಗೆ ಹೇಳಿದ, ನಾನು ಕೇಳದಿದ್ದರೂ.

ದೊಡ್ಡವ್ವ ತಲೆ ಎತ್ತಿದಳು. ಅಂಗಳ ಗೊಳ್ಳೆಂದು ನಕ್ಕ ದಿನದಿಂದ ಅವಳು ಒಳಗೇ ಇಟ್ಟುಕೊಂಡಿದ್ದ ಬಿಗುವು ಮುಖದ ಮೇಲೆ ಎಲ್ಲೂ ಉಳಿದಿರಲಿಲ್ಲ.

“ಗದ್ದಲದಾಗ ನನಗ ಬರೋಬ್ಬರಿ ಕೇಳ್ಲಿಲ್ರಿ. ಇನ್ನೊಮ್ಮಿ ಹೇಳ್ರಿ ನೋಡಮು” ಅಂದಳು.

ದೊಡ್ಡಪ್ಪ ಅತ್ತಿತ್ತ ನೋಡಿದ. ಮಂದಿ ಇದ್ದರು, ನಾನಿದ್ದೆ, ಸೊಸೆಯರಿದ್ದರು. ಅವಳ ಕುರ್ಚಿಯ ಹತ್ತಿರ ಬಂದು, ಸ್ವಲ್ಪ ಬಗ್ಗಿ, ಸಣ್ಣ ದನಿಯಲ್ಲಿ ಇನ್ನೊಮ್ಮೆ ಹೇಳಿದ.